ಡಬ್ಬದ ವಯಸ್ಸು

ಕಸವನ್ನು ಮೂಸಿದ ಮಾತ್ರಕ್ಕೆ ಅದು ಯಾವ ದೇಶದ್ದು, ಯಾವ ವರ್ಷದ್ದು, ಎಸೆದವನು ಎಡಚನೋ ಅಲ್ಲವೋ ಎಂದು ಹೇಳಬಲ್ಲವರು ದಕ್ಷಿಣ ಧ್ರುವದ ಕಡೆ ಮೂರೇ ಜನ ಇದ್ದರು. ಅವರಲ್ಲಿ ಇಬ್ಬರಿಗೆ ವಿದ್ಯೆ ಹೇಳಿಕೊಟ್ಟವನೇ ಮೂರನೆಯವನು. ಅವನು ತೋಸ್ಕಾ ಕೊಲ್ಲಿಯ ಅರ್ಜೆಂಟೀನಾ ನೆಲೆಯ ಕಸದ ಸಾರ್ಜೆಂಟ್ ಎವಾರಿಸ್ತೊ. ಅವನ ಊರು ಸಾಂತಿಯಾಗೊ ದೆಲ್ ಎಸ್ತೆರೊ. ಅಲ್ಲಿ ಸೆಕೆಗಾಲದಲ್ಲಿ ಕೋಳಿಗಳು ಬೇಯಿಸಿದ ಮೊಟ್ಟೆಯನ್ನೇ ಇಡುತ್ತವೆ. ದೇಶದಲ್ಲೇ ಅತಿ ಬಿಸಿಯಾದ ಊರಿನವನು ಸಿಕ್ಕನೆಂದು ಸೇನೆ ಅವನನ್ನು ಹಿಮದ ಮೇಲೆ ಹಾಕಿತ್ತು. ಸೇನೆಯ ಲೆಕ್ಕಾಚಾರ ಯಾವಾಗಲೂ ಹಾಗೆಯೇ, ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಆ ಹಿಮದ ಮೇಲೆ ಕಾಲಿಟ್ಟವರಿಗೆಲ್ಲ ಕಾನೂನು ಒಂದೇ. ತಂದದ್ದನ್ನು ವಾಪಸ್ ತೆಗೆದುಕೊಂಡು ಹೋಗಬೇಕು. ಬಯಲಲ್ಲಿ ಸುಡುವಂತಿಲ್ಲ, ಹೂಳುವಂತಿಲ್ಲ, ಸಮುದ್ರಕ್ಕೆ ನೂಕಿ ಬೇರೆ ಕಡೆ ನೋಡುವಂತಿಲ್ಲ. ಬ್ಯಾಟರಿ, ಎಣ್ಣೆ, ತಗಡು, ರಬ್ಬರು, ಕೋಳಿಯ ಮೂಳೆ ಎಲ್ಲವೂ ಬೇರೆ ಬೇರೆ ಬಣ್ಣದ ಡ್ರಮ್ಮು ಸೇರಿ, ವರ್ಷಕ್ಕೊಮ್ಮೆ ಬರುವ ಹಡಗನ್ನು ಹತ್ತಬೇಕು. ಸೋರೆ ಬುರುಡೆಯಲ್ಲಿ ಹೀರಿದ ಮಾಟೆ ಕಷಾಯದ ಗಸಿಯನ್ನು ಕೂಡ ಎವಾರಿಸ್ತೊ ಹಿಂಡಿ, ಒಣಗಿಸಿ, ತೂಗಿ ಬರೆದಿಡುತ್ತಿದ್ದ. ಒಮ್ಮೆ ಯಾವನೋ ವಿಜ್ಞಾನಿ ತಂದಿದ್ದ ಪೆಟ್ಟಿಗೆಯಿಂದ ಸಾಸಿವೆ ಗಾತ್ರದ ಥರ್ಮೋಕೋಲ್ ಕಾಳೊಂದು ಗಾಳಿಗೆ ಹಾರಿಹೋಯಿತು. ಅಂಥ ಕಾಳನ್ನು ಅಲ್ಲಿಗೆ ತರುವುದೇ ಅಪರಾಧ. ಎವಾರಿಸ್ತೊ ಅದರ ಬೆನ್ನು ಹತ್ತಿ ಮೂರು ದಿನ ನಡೆದ. ನಾಲ್ಕನೆಯ ದಿನ ವಾಪಸ್ ಬಂದು ಕಾಳನ್ನು ವಿಜ್ಞಾನಿಯ ಅಂಗೈಯಲ್ಲಿಟ್ಟು ರಸೀದಿಗೆ ಸಹಿ ಹಾಕಿಸಿಕೊಂಡ. ಆ ವಿಜ್ಞಾನಿ ಊರಿಗೆ ಹೋದವನೇ ವಿಜ್ಞಾನ ಬಿಟ್ಟು ಬಟ್ಟೆ ಅಂಗಡಿ ಇಟ್ಟನಂತೆ.

ಇನ್ನೊಮ್ಮೆ ಹಳೆಯ ಬಣ್ಣದ ಡಬ್ಬದ ಮೇಲೆ ಪೆಂಗ್ವಿನ್ನೊಂದು ಕಾವಿಗೆ ಕೂತಿತು. ಡಬ್ಬ ಕಸ, ತೆಗೆಯಲೇಬೇಕು. ಪೆಂಗ್ವಿನ್ನು ಪೆಂಗ್ವಿನ್ನು, ಎಬ್ಬಿಸುವಂತಿಲ್ಲ. ಎರಡೂ ಅದೇ ಕಾನೂನು. ಎವಾರಿಸ್ತೊ ಫಾರಂ ಹಿಡಿದು ಐದು ಮೀಟರ್ ದೂರದಲ್ಲಿ ತಾನೂ ಕೂತ. ಮೂವತ್ತನಾಲ್ಕು ದಿನ ಕೂತ. ಕೊನೆಕೊನೆಗೆ ಎಷ್ಟು ಸಲಿಗೆಯಾಯಿತೆಂದರೆ, ಅವನು ಬಂದದ್ದು ಕಂಡರೆ ಪೆಂಗ್ವಿನ್ನು ತಾನಾಗಿಯೇ ಸ್ವಲ್ಪ ಎದ್ದು ಡಬ್ಬ ಇದೆ ಎಂದು ತೋರಿಸಿ ಮತ್ತೆ ಕೂರುತ್ತಿತ್ತು.

ಇಂಥವನಿಗೆ ಈ ಸಲ ಒಂದೇ ಆಸೆ ಇತ್ತು, ಊರಿಗೆ ಹೋಗಬೇಕು. ಹಿಮಕ್ಕೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಅವನು ಬಂದ ಮೂರನೆಯ ತಿಂಗಳಲ್ಲಿ ಹೆಂಡತಿ ದೆಲ್ಮೀರಾ ಹೆಣ್ಣು ಮಗು ಹೆತ್ತಿದ್ದಳು. ಮಗುವಿಗೆ ಈಗ ಹನ್ನೊಂದು ತಿಂಗಳು. "ಅಪ್ಪ ಎಲ್ಲಿ" ಅಂದರೆ ಟೆಲಿಫೋನಿನ ಕಡೆ ಕೈ ತೋರಿಸುತ್ತದೆಂದು ದೆಲ್ಮೀರಾ ಹೇಳಿದ್ದಳು. ನಗಿಸಲೆಂದೇ ಹೇಳಿದ್ದು. ಎವಾರಿಸ್ತೊ ನಕ್ಕು ಫೋನಿಟ್ಟು, ಆ ದಿನ ಎಪ್ಪತ್ತು ಡ್ರಮ್ಮುಗಳನ್ನು ಒಬ್ಬನೇ ಉರುಳಿಸಿದ.

ಹೋಗುವುದಕ್ಕೆ ಒಂದು ಷರತ್ತಿತ್ತು. ನೆಲೆಯ ಹಿಂದೆ ಹಳೆಯ ಕಸದ ಗುಡ್ಡೆಯೊಂದಿತ್ತು. ಕಾನೂನು ಹುಟ್ಟುವ ಮೊದಲಿನವರು, ಅಂದರೆ ನೆಲೆ ಶುರುವಾದ ಅರವತ್ತೊಂದನೇ ಇಸವಿಯಿಂದ ಇದ್ದವರೆಲ್ಲ, ಕಿಟಕಿ ತೆಗೆದು ಎಸೆದದ್ದು. ಅದನ್ನು ತೆಗೆಯುವ ಕಡತ ಎವಾರಿಸ್ತೊನ ಹೆಸರಿನಲ್ಲಿ ತೆರೆದಿತ್ತು. ಯಾರ ಹೆಸರಿನಲ್ಲಿ ತೆರೆಯಿತೋ ಅವರ ಹೆಸರಿನಲ್ಲೇ ಮುಚ್ಚಬೇಕು, ಮುಚ್ಚದಿದ್ದರೆ ಅವನು ಇನ್ನೊಂದು ಚಳಿಗಾಲ ಅಲ್ಲೇ ಇರಬೇಕು ಎಂದು ನೆಲೆಯ ಮುಖ್ಯಸ್ಥ ಮೇಜರ್ ಬಸಾವಿಲ್ಬಾಸೊ ಬರೆದುಕೊಟ್ಟಿದ್ದರು. ಮೇಜರು ಕೆಟ್ಟವರಲ್ಲ. ಬರೆದದ್ದನ್ನು ಅಳಿಸುವ ಅಭ್ಯಾಸ ಮಾತ್ರ ಅವರ ವಂಶದಲ್ಲೇ ಇರಲಿಲ್ಲ.

ಎವಾರಿಸ್ತೊ ಗುಡ್ಡೆಯನ್ನು ಈರುಳ್ಳಿ ಸುಲಿದಂತೆ ಪದರ ಪದರವಾಗಿ ಬಿಡಿಸಿದ. ಇನ್ನೂರ ಹದಿನಾಲ್ಕು ಡ್ರಮ್ಮು ತುಂಬಿದವು. ಹಡಗು ಬರಲು ಎರಡು ದಿನವಿದ್ದಾಗ ಕಟ್ಟಕಡೆಯ ಪದರದ ಕೆಳಗೆ, ಮಂಜುಗಡ್ಡೆಯಲ್ಲಿ ಕಚ್ಚಿಕೊಂಡಂತೆ, ಒಂದು ಊಟದ ಡಬ್ಬ ಸಿಕ್ಕಿತು. ಅದನ್ನು ಯಾರೂ ತೆರೆದಿರಲಿಲ್ಲ. ಮೇಲಿನ ಚೀಟಿ ಯಾವತ್ತೋ ಹೋಗಿತ್ತು. ಮುಚ್ಚಳದ ಮೇಲೆ ಒತ್ತಿದ್ದ ಇಸವಿಯಲ್ಲಿ ಒಂದು, ಒಂಬತ್ತು, ಐದು ಇದ್ದವು. ನಾಲ್ಕನೆಯ ಅಂಕಿ ಇದ್ದ ಕಡೆ ತುಕ್ಕು ಮಾತ್ರ ಇತ್ತು. ಮೂಸಿದರೂ ತುಕ್ಕೇ, ಮುಚ್ಚಿದ ತಗಡು ಒಳಗಿನ ವಾಸನೆ ಬಿಡಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅದನ್ನು ತಗಡಿನ ಡ್ರಮ್ಮಿಗೆ ಹಾಕಿ ಕೈ ಒರೆಸಿಕೊಳ್ಳುತ್ತಿದ್ದರು. ಎವಾರಿಸ್ತೊ ಮೊದಲು ರಿಜಿಸ್ಟರಿನಲ್ಲಿ ಬರೆದ: "ಡಬ್ಬ ಒಂದು, ತೆರೆಯದ್ದು, ಎಂಟುನೂರೈವತ್ತು ಗ್ರಾಂ, ಇಸವಿ ಸಾವಿರದೊಂಬೈನೂರ ಐವತ್ತು ಚಿಲ್ಲರೆ." ಯೋಚನೆ ಬಂದದ್ದು ಆಮೇಲೆ. ಹದಿನಾಲ್ಕು ತಿಂಗಳು ಹಾಗೇ ಬದುಕಿದವನಿಗೆ ಕೈ ಮೊದಲು, ತಲೆ ಆಮೇಲೆ. ರಿಜಿಸ್ಟರಿನ ಪುಟಗಳಿಗೆ ನಂಬರಿರುತ್ತದೆ, ಹರಿಯುವಂತಿಲ್ಲ. ಹೊಡೆದು ಹಾಕಿದರೆ ಯಾಕೆ ಹೊಡೆದೆ ಎಂದು ಇನ್ನೊಂದು ಫಾರಂ ಇದೆ.

ಬರೆಯದಿದ್ದರೇ ಚೆನ್ನಾಗಿತ್ತು, ಯಾಕೆಂದರೆ ಆ ಹಿಮದ ಮೇಲೆ ಇನ್ನೂ ಒಂದು ನಿಯಮವಿದೆ. ಐವತ್ತೆಂಟನೇ ಇಸವಿಗಿಂತ ಹಿಂದೆ ಮನುಷ್ಯ ಅಲ್ಲಿ ಬಿಟ್ಟುಹೋದದ್ದು ಏನೇ ಇರಲಿ, ಅದು ಕಸವಲ್ಲ, ಇತಿಹಾಸ. ಎಲ್ಲ ದೇಶದವರೂ ಸಭೆ ಸೇರಿ ತೀರ್ಮಾನಿಸುವ ತನಕ ಅದನ್ನು ಮುಟ್ಟುವಂತಿಲ್ಲ, ಮುರಿಯುವಂತಿಲ್ಲ, ಕದಲಿಸುವಂತಿಲ್ಲ. ಆಮೇಲಿನದ್ದು ಕಸ, ಬಿಡುವಂತಿಲ್ಲ. ಐವತ್ತೇಳರ ಜನವರಿಯಲ್ಲಿ ಸೇನೆಯವರೇ ಹನ್ನೊಂದು ಜನ ಅದೇ ಜಾಗದಲ್ಲಿ ಒಂದು ತಿಂಗಳು ಡೇರೆ ಹಾಕಿಕೊಂಡಿದ್ದು ಹೋಗಿದ್ದರು. ಡಬ್ಬ ಅವರದ್ದಾದರೆ ಗುಡ್ಡೆಯ ಕೆಳಪದರವೆಲ್ಲ ಇತಿಹಾಸ. ಆಗಲೇ ಡ್ರಮ್ಮಿಗೆ ತುಂಬಿದ ಇತಿಹಾಸವನ್ನು ಹೊರತೆಗೆದು, ಫೋಟೋ ನೋಡಿಕೊಂಡು ಇದ್ದ ಹಾಗೇ ಹರಡಿ, ಸಭೆ ಸೇರುವುದನ್ನು ಕಾಯಬೇಕು.

ಹಡಗಿನಲ್ಲಿ, ಎವಾರಿಸ್ತೊನ ಜಾಗಕ್ಕೆ ಬಂದ ಹೊಸ ಸಾರ್ಜೆಂಟ್ ಸಿಪ್ರಿಯಾನೊನ ಜೊತೆ, ಡಾಕ್ಟರ್ ಲಿಯೋನಿಲ್ದಾ ಬಂದಿಳಿದಳು. ಅವಳು ಮದ್ದು ಕೊಡುವ ಡಾಕ್ಟರಲ್ಲ, ಕಲ್ಲುಹೂವಿನ ಮೇಲೆ ಹನ್ನೆರಡು ವರ್ಷ ಬಗ್ಗಿ ನೋಡಿ ಡಾಕ್ಟರಾದವಳು. ಕಸದ ಕಡತಗಳನ್ನು ನೋಡಿ ಮುಚ್ಚುವ ಅಧಿಕಾರ ಅವಳದ್ದು. ಜಗತ್ತಿನ ಕಾನೂನು ಪುಸ್ತಕಗಳೆಲ್ಲ ಒಂದು ದಿನ ಸುಟ್ಟುಹೋದರೂ ಅವಳೊಬ್ಬಳು ಉಳಿದರೆ ಸಾಕು, ಅಲ್ಪವಿರಾಮ ಸಮೇತ ಮತ್ತೆ ಬರೆಸಬಹುದಿತ್ತು. ಅವಳು ರಿಜಿಸ್ಟರನ್ನು ಮೊದಲ ಪುಟದಿಂದ ಓದಿ ಡಬ್ಬದ ಸಾಲಿಗೆ ಬಂದು ನಿಂತಳು.

"ಇದೇನು ಚಿಲ್ಲರೆ ಅಂದ್ರೆ?"

"ಅಂಕಿ ಹೋಗಿದೆ ಡಾಕ್ಟರಮ್ಮಾ."

"ಯಾವ ವರ್ಷದ್ದು ಅಂತ ಗೊತ್ತಾಗೋವರೆಗೂ ಐವತ್ತೆಂಟಕ್ಕೆ ಮುಂಚಿನದ್ದು ಅಂತ್ಲೇ ಇಟ್ಕೋಬೇಕಾಗತ್ತೆ ಸಾರ್ಜೆಂಟರೇ."

"ಗೊತ್ತು ಮಾಡೋದು ಹೆಂಗೆ?"

"ಬ್ಯೂನಸ್ ಐರಿಸ್‌ನಲ್ಲಿ ಲ್ಯಾಬಿದೆ."

"ಹಾಗಾದ್ರೆ ಈ ಹಡಗಲ್ಲೇ ಕಳಿಸೋಣ."

"ಕಳಿಸೋಕಾಗಲ್ಲ. ಐವತ್ತೆಂಟಕ್ಕೆ ಮುಂಚಿನದ್ದನ್ನ ಇಲ್ಲಿಂದ ಕದಲಿಸೋ ಹಾಗಿಲ್ಲ."

ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು. ಲಿಯೋನಿಲ್ದಾಳಿಗೂ ಬೇಸರವಾಯಿತು, ಅವಳು ಕಲ್ಲಲ್ಲ. ಕದಲಿಸಲು ಅನುಮತಿ ಕೇಳಿ ಬರೆಯುತ್ತೇನೆ, ಎಂಟು ತಿಂಗಳಲ್ಲಿ ಉತ್ತರ ಬರುತ್ತದೆ ಎಂದಳು. ಎಂಟು ತಿಂಗಳೆಂದರೆ ಸಮುದ್ರ ಹೆಪ್ಪುಗಟ್ಟಿರುವ ಕಾಲ. ಹಡಗು ಬರುವುದು ಅದರ ಮುಂದಿನ ಬೇಸಿಗೆಗೆ. ಎವಾರಿಸ್ತೊ ಬೆರಳು ಮಡಿಚಿ ಲೆಕ್ಕ ಹಾಕಿದ. ಮಗುವಿಗೆ ಆಗ ಎರಡು ತುಂಬುತ್ತದೆ. ಅಷ್ಟು ಹೊತ್ತಿಗೆ ಅದು ಟೆಲಿಫೋನಿಗೆ ಮುತ್ತು ಕೊಡುವುದನ್ನೂ ಕಲಿತಿರುತ್ತದೆ.

ಆಗಲೇ ಕಿತ್ತಾಗಿದ್ದ ಡಬ್ಬವನ್ನು ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ, ತಣ್ಣಗಿರುವ ಕಪಾಟಿನಲ್ಲಿಟ್ಟು "ಮುಟ್ಟಬಾರದು" ಎಂದು ನಾಲ್ಕು ಭಾಷೆಯಲ್ಲಿ ಬರೆದು ಅಂಟಿಸಿದರು. ಉಗ್ರಾಣ ಅಡುಗೆಯವನು ನಾರ್ಸಿಸೊನ ರಾಜ್ಯ. ಒಂಬತ್ತು ಚಳಿಗಾಲ ಹಿಮದ ಮೇಲೆ ಕಳೆದು, ಹತ್ತನೆಯದಕ್ಕೂ ಹೆಸರು ಬರೆಸಿದ್ದ ಮನುಷ್ಯ. ತೊಂಬತ್ತೆಂಟು ಕಿಲೋ ತೂಗುತ್ತಿದ್ದ. ಅವನು ಮಾಡಿದ ಸಾರಿನ ವಾಸನೆಗೆ ಎಪ್ಪತ್ತು ಕಿಲೋಮೀಟರ್ ದೂರದ ಚಿಲಿಯವರ ನೆಲೆಯಲ್ಲಿ ಜನ ತಟ್ಟೆ ಹಿಡಿದು ಎದ್ದು ನಿಲ್ಲುತ್ತಿದ್ದರು. ಎವಾರಿಸ್ತೊನಿಗೆ ಜೀವದ ಗೆಳೆಯ. ಅವನು ಡಬ್ಬವನ್ನು ಒಮ್ಮೆ ಕುಲುಕಿ ಕಿವಿಗಿಟ್ಟುಕೊಂಡು, ಒಳಗಿರುವುದು ಲೋಕ್ರೊ ಅಂದ. ಲೋಕ್ರೊ ಅಂದರೆ ಮೆಕ್ಕೆಜೋಳ, ಕುಂಬಳ, ದನದ ಮಾಂಸ ಒಟ್ಟಿಗೆ ಬೇಯಿಸಿದ್ದು. ಒಂದು ಚಮಚ ಬಾಯಿಗೆ ಹಾಕಿದರೆ ಯಾವ ವರ್ಷದ್ದೆಂದೂ ಹೇಳುತ್ತೇನೆ, ಆ ದನದ ಹೆಸರನ್ನೂ ಹೇಳುತ್ತೇನೆ ಎಂದ.

"ಮುಟ್ಟಿದ್ರೆ ಕೈ ಮುರೀತೀನಿ" ಅಂದ ಎವಾರಿಸ್ತೊ.

"ನಿಂಗೋಸ್ಕರ ಕಣೋ ಹೇಳ್ತಿರೋದು."

"ನಂಗೋಸ್ಕರ ಸುಮ್ನಿರು."

ಮರುದಿನ ಬೆಳಿಗ್ಗೆ ನೆಲೆಯವರೆಲ್ಲ ದಡದಲ್ಲಿದ್ದರು. ಮಂಜುಗಡ್ಡೆ ಕೊಲ್ಲಿಯ ಬಾಯಿಗೆ ಸರಿಯುತ್ತಿದೆ, ಸಂಜೆ ನಾಲ್ಕಕ್ಕೆ ಹೊರಡುತ್ತೇನೆ ಎಂದು ಹಡಗಿನ ಕ್ಯಾಪ್ಟನ್ ಹೇಳಿ ಕಳಿಸಿದ್ದ. ಆ ಕ್ಯಾಪ್ಟನ್ ನಾಲ್ಕು ಅಂದರೆ ಗಡಿಯಾರವೇ ಅವನನ್ನು ನೋಡಿ ಸರಿಮಾಡಿಕೊಳ್ಳುತ್ತಿತ್ತು. ಮೇಲಿನ ಪದರಗಳ ಡ್ರಮ್ಮುಗಳು ರಬ್ಬರ್ ದೋಣಿಯಲ್ಲಿ ಹಡಗಿಗೆ ಹೋಗುತ್ತಿದ್ದವು. ಕೆಳಪದರದ ಒಂಬತ್ತು ಡ್ರಮ್ಮು ದಡದಲ್ಲೇ ನಿಂತಿದ್ದವು. ಅವುಗಳ ಪಕ್ಕದಲ್ಲಿ ಎವಾರಿಸ್ತೊ ಹತ್ತನೆಯ ಡ್ರಮ್ಮಿನಂತೆ ನಿಂತಿದ್ದ.

ಹತ್ತು ಗಂಟೆಗೆ ಕಾಫಿಗೆಂದು ಒಳಗೆ ಬಂದಾಗ ನಾರ್ಸಿಸೊ ಊಟದ ಮೇಜಿನ ಮುಂದೆ ನೆಟ್ಟಗೆ ಕೂತಿದ್ದ. ಎದುರಿಗೆ ಡಬ್ಬವಿತ್ತು. ಅದರ ಮುಚ್ಚಳ ಪಕ್ಕದಲ್ಲಿತ್ತು. ಒಳಗೆ ಏನೂ ಇರಲಿಲ್ಲ, ಮುಖ ನೋಡಿಕೊಳ್ಳುವಷ್ಟು ಚೊಕ್ಕಟವಾಗಿತ್ತು.

ಆ ಗಳಿಗೆಗೆ ಹೊರಗೆ ಗಾಳಿಯೇ ನಿಂತಿತೆಂದು ಆಮೇಲೆ ಹಲವರು ಪ್ರಮಾಣ ಮಾಡಿದ್ದಾರೆ.

ಲಿಯೋನಿಲ್ದಾ ಕುರ್ಚಿ ಎಳೆದು ಕೂತು ಪೆನ್ನು ತೆಗೆದಳು. ವಿಚಾರಣೆ ಅಲ್ಲೇ ನಡೆಯಿತು. ತೆರೆದದ್ದು ಯಾಕೆ ಎಂದಳು. ತುಕ್ಕು ತಿಂದದ್ದು ಹೊರಮೈಯನ್ನು, ಒತ್ತಿದ ಅಂಕಿ ಒಳಮೈಯಲ್ಲಿ ಉಬ್ಬಿಕೊಂಡಿರಲೇಬೇಕು, ಅದನ್ನು ನೋಡಲು ಎಂದ ನಾರ್ಸಿಸೊ. ಸರಿ, ತಿಂದದ್ದು ಯಾಕೆ ಎಂದಳು. ಅದಕ್ಕೆ ನಾರ್ಸಿಸೊ ಗೋಡೆಯ ಮೇಲೆ ತೂಗುಹಾಕಿದ್ದ ನಿಯಮಗಳ ಪಟ್ಟಿಯ ಕಡೆ ಕೈ ತೋರಿಸಿದ.

"ತೆರೆದ ಊಟನ ಹಕ್ಕಿಗಳಿಗೆ ಸಿಗೋ ಹಾಗೆ ಬಿಡಬಾರ್ದು ಅಂತಿದೆಯಲ್ಲ ಡಾಕ್ಟರಮ್ಮಾ. ಕಿಟಕಿ ಆಚೆ ಸ್ಕುವಾ ಹಕ್ಕಿ ಕೂತಿತ್ತು. ನಾನು ಬಿಡಲಿಲ್ಲ."

ಲಿಯೋನಿಲ್ದಾ ಅದನ್ನು ಹಾಗೆಯೇ ಬರೆದುಕೊಂಡಳು. ಆಕ್ಷೇಪಿಸಲು ಜಾಗ ಹುಡುಕಿದಳು, ಸಿಗಲಿಲ್ಲ. ಆಮೇಲೆ ಮುಚ್ಚಳವನ್ನು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಒಳಮೈ ನಿನ್ನೆ ಮಾಡಿದಂತೆ ಹೊಳೆಯುತ್ತಿತ್ತು. ಅಂಕಿಗಳು ತಿರುಗುಮುರುಗಾಗಿದ್ದವು, ಆದರೆ ನಾಲ್ಕೂ ಇದ್ದವು.

"ಐವತ್ತಾರು" ಎಂದಳು.

ನಾರ್ಸಿಸೊನ ಮುಖ ಇಳಿದುಹೋಯಿತು. ಐವತ್ತೊಂಬತ್ತು ಇರಬಹುದೆಂದು ಅವನು ನಂಬಿದ್ದ. ತಿನ್ನುವ ಮೊದಲು ನೋಡಲಿಲ್ಲವೇ ಎಂದರೆ, ಅಂಕಿಯ ಮೇಲೆ ಕುಂಬಳದ ಹೋಳು ಅಂಟಿತ್ತಂತೆ. ಐವತ್ತಾರರಲ್ಲಿ ತುಂಬಿದ ಡಬ್ಬ ಐವತ್ತೇಳರ ಜನವರಿಯಲ್ಲಿ ಬಂದ ಹನ್ನೊಂದು ಜನರ ಗಂಟಿನಲ್ಲಿರುವುದಕ್ಕಿಂತ ಸಹಜವಾದದ್ದು ಇನ್ನೇನಿದೆ. ಅಂದರೆ ಡಬ್ಬ ಇತಿಹಾಸ, ಕೆಳಪದರ ಇತಿಹಾಸ, ನಾರ್ಸಿಸೊ ಇತಿಹಾಸವನ್ನು ತಿಂದ ಅಪರಾಧಿ, ಎವಾರಿಸ್ತೊ ಇನ್ನೊಂದು ಚಳಿಗಾಲದ ಅತಿಥಿ. ಮೇಜರು ಬಂದು ನಿಂತು ಎಲ್ಲವನ್ನೂ ಕೇಳಿ, ಒಂಬತ್ತು ಡ್ರಮ್ಮುಗಳನ್ನು ಗುಡ್ಡೆಯ ಜಾಗಕ್ಕೆ ವಾಪಸ್ ಒಯ್ಯಲು ಹೇಳಿ ಹೋದರು.

ಎವಾರಿಸ್ತೊ ಬಯ್ಯಲಿಲ್ಲ. ಗೆಳೆಯನ ಪಕ್ಕದಲ್ಲಿ ಕೂತು, ಅಭ್ಯಾಸಬಲದಿಂದ ಖಾಲಿ ಡಬ್ಬವನ್ನು ತೂಗಿ, ನೂರ ಹತ್ತು ಗ್ರಾಂ ಎಂದು ರಿಜಿಸ್ಟರಿನಲ್ಲಿ ಬರೆದ.

"ರುಚಿ ಹೆಂಗಿತ್ತೋ?" ಎಂದು ಕೇಳಿದ.

"ಇವತ್ತು ಮಧ್ಯಾಹ್ನ ನಿಮಗೆಲ್ಲ ಹಾಕೋ ಲೋಕ್ರೊ ಥರಾನೇ. ಏನೂ ವ್ಯತ್ಯಾಸ ಇಲ್ಲ ಕಣೋ. ಆರ್ಮಿ ಡಬ್ಬ ನಾವು ತಿನ್ನೋ ಹೊತ್ತಿಗೆ ಮುದುಕ ಆಗೇ ಬರತ್ತಲ್ಲ."

ಎವಾರಿಸ್ತೊನ ಪೆನ್ನು ನಿಂತಿತು. ಅವನು ರಿಜಿಸ್ಟರಿನ ಹಿಂದಿನ ಪುಟ ತಿರುವಿದ, ಅದರ ಹಿಂದಿನದ್ದನ್ನು ತಿರುವಿದ, ಹಾಗೆ ತಿರುವುತ್ತ ಹೋದ. ಗುಡ್ಡೆಯಿಂದ ತೆಗೆದ ಪ್ರತಿ ಡಬ್ಬದ ಇಸವಿಯನ್ನೂ ಅವನು ಬರೆದಿದ್ದ. ಆ ಡಬ್ಬದ ಜೊತೆಗೆ ಯಾವ ತಾರೀಕಿನ ಪತ್ರಿಕೆ ಮುದುಡಿಕೊಂಡು ಸಿಕ್ಕಿತು ಎಂಬುದನ್ನೂ ಬರೆದಿದ್ದ. ಅದನ್ನು ಬರೆಯಬೇಕೆಂದು ಯಾರೂ ಹೇಳಿರಲಿಲ್ಲ, ಓದುವವರು ಮೊದಲೇ ಇರಲಿಲ್ಲ. ಅರವತ್ತಮೂರರ ಪತ್ರಿಕೆಯ ಜೊತೆ ಐವತ್ತೆಂಟರ ಡಬ್ಬ. ಅರವತ್ತೆಂಟರ ಪತ್ರಿಕೆಯ ಜೊತೆ ಅರವತ್ತೆರಡರ ಡಬ್ಬ. ಎಪ್ಪತ್ತೇಳರದ್ದರ ಜೊತೆ ಎಪ್ಪತ್ತೊಂದರದ್ದು. ಸಾವಿರದ ಎಂಟುನೂರ ನಲವತ್ತು ಡಬ್ಬಗಳಲ್ಲಿ ನಾಲ್ಕು ವರ್ಷಕ್ಕಿಂತ ಎಳೆಯದು ಒಂದೂ ಇರಲಿಲ್ಲ. ಕೆಳಪದರದಲ್ಲಿ ಮಾತ್ರ ಕಾಗದವೇ ಸಿಕ್ಕಿರಲಿಲ್ಲ. ಆಗಿನವರು ಕಾಗದವನ್ನು ಬೇರೆ ಕೆಲಸಕ್ಕೆ ಬಳಸಿಕೊಂಡಿದ್ದಿರಬೇಕು.

ಅವನು ರಿಜಿಸ್ಟರನ್ನು ತೆಗೆದುಕೊಂಡು ಹೋಗಿ ಲಿಯೋನಿಲ್ದಾಳ ಮುಂದಿಟ್ಟ. ನಿಧಾನವಾಗಿ ಹೇಳಿದ. ಸೇನೆಯ ಗೋದಾಮಿನಲ್ಲಿ ಹಳೆಯದನ್ನು ಮೊದಲು ಹೊರಗೆ ಹಾಕುತ್ತಾರೆ. ಮೊದಲು ರಾಜಧಾನಿಯವರು ಬೇಡ ಅನ್ನುತ್ತಾರೆ, ಆಮೇಲೆ ಗಡಿಯವರು ಬೇಡ ಅನ್ನುತ್ತಾರೆ, ಕೊನೆಗೆ ಬೇಡ ಅನ್ನಲಾಗದವರಿಗೆ ಕಳಿಸುತ್ತಾರೆ. ಐವತ್ತಾರರ ಡಬ್ಬ ಐವತ್ತೇಳರಲ್ಲಿ ಹಿಮಕ್ಕೆ ಬಂದಿರಲು ಸಾಧ್ಯವೇ ಇಲ್ಲ. ಅದು ಅರವತ್ತೊಂದಕ್ಕೆ ಸರಿಯಾಗಿ ಬರುತ್ತದೆ.

ಲಿಯೋನಿಲ್ದಾ ನಗಲಿಲ್ಲ. ಅವಳು ವಿಜ್ಞಾನದವಳು, ನೋಡದೆ ನಂಬುವವಳಲ್ಲ. ಉಗ್ರಾಣಕ್ಕೆ ನಡೆದು, ಈ ವರ್ಷ ಬಂದಿಳಿದ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆಸಿ, ಡಬ್ಬಗಳನ್ನು ತಲೆಕೆಳಗು ಮಾಡಿ ಇಸವಿ ಬರೆದುಕೊಂಡಳು. ಅವರೆಕಾಳು ಐದು ವರ್ಷ. ಟೊಮೆಟೊ ನಾಲ್ಕು. ಲೋಕ್ರೊ ಆರು. ಮಧ್ಯಾಹ್ನ ಒಂದೂವರೆಯ ತನಕ ಬರೆದು, ಎವಾರಿಸ್ತೊನ ಪುಟಗಳ ಜೊತೆ ಹೋಲಿಸಿ, ಕೂಡಿ ಭಾಗಿಸಿದಳು. ಅರವತ್ತು ವರ್ಷದಲ್ಲಿ ದೇಶದಲ್ಲಿ ಸರ್ಕಾರಗಳು ಉರುಳಿದ್ದವು, ಮತ್ತೆ ಎದ್ದಿದ್ದವು. ನೋಟುಗಳ ಹಿಂದಿನ ಸೊನ್ನೆಗಳು ಎಷ್ಟೋ ಸಲ ಬಂದು ಹೋಗಿದ್ದವು. ಹಿಮಕ್ಕೆ ಬರುವ ಡಬ್ಬದ ವಯಸ್ಸು ಮಾತ್ರ ಸರಾಸರಿ ಐದು ವರ್ಷ ನಾಲ್ಕು ತಿಂಗಳಿನಿಂದ ಕದಲಿರಲಿಲ್ಲ. ಇಷ್ಟು ಗಟ್ಟಿಯಾದ ಅಂಕಿ ಕಲ್ಲುಹೂವಿನಲ್ಲೂ ನನಗೆ ಸಿಕ್ಕಿಲ್ಲ ಎಂದಳು.

ಅವಳಿಗೆ ಒಪ್ಪಿಗೆಯಾಯಿತು. ಡಬ್ಬ ಕಸ. ಆದರೆ ಅದನ್ನು ಬರೆದು ಕಾಗದ ಮಾಡಿದಾಗ ನೆಲೆಯ ಮುಖ್ಯಸ್ಥರ ಸಹಿಗೆ ಒಂದು ಸಾಲು ಉಳಿಯಿತು: "ಸೇನೆಯು ಈ ನೆಲೆಗೆ ಅಂದಿನಿಂದ ಇಂದಿನವರೆಗೆ ಹಳೆಯ ಆಹಾರವನ್ನೇ ಕಳಿಸುತ್ತಿದೆ ಎಂದು ಪ್ರಮಾಣೀಕರಿಸುತ್ತೇನೆ."

ಮೇಜರು ಆ ಸಾಲನ್ನು ಮೂರು ಸಲ ಓದಿದರು. ಅವರ ಅಜ್ಜ ಸೇನೆಯಲ್ಲಿದ್ದವರು, ಅಜ್ಜನ ಅಜ್ಜ ಸೇನೆಯಲ್ಲಿದ್ದವರು. ಅವರ ಮನೆಯ ನಾಯಿ ಕೂಡ ಬಿಗಿಯಾಗಿ ನಿಂತು ಬೊಗಳುತ್ತಿತ್ತು. ಇಪ್ಪತ್ತೇಳು ವರ್ಷದ ನೌಕರಿ, ಮುಂದಿನ ವರ್ಷ ಬಡ್ತಿಯ ಪಟ್ಟಿ. ಈ ಕಾಗದ ಹೋಗುವುದು ನಮ್ಮವರಿಗೆ ಮಾತ್ರವಲ್ಲ, ಧ್ರುವದ ಒಪ್ಪಂದಕ್ಕೆ ಸೇರಿದ ಎಲ್ಲ ದೇಶಗಳಿಗೆ ಪ್ರತಿ ಹೋಗುತ್ತದೆ ಎಂದರು. ಎವಾರಿಸ್ತೊ ಮೆತ್ತಗೆ ಒಂದು ದಾರಿ ಹೇಳಿದ. ಸೇನೆ ಆಹಾರವನ್ನು ಮಾಗಿಸಿ ಕಳಿಸುವ ಪದ್ಧತಿ ಇಟ್ಟುಕೊಂಡಿದೆ ಎಂದು ಬರೆಯಬಹುದಲ್ಲ. ಲಿಯೋನಿಲ್ದಾ ತಲೆ ಅಲ್ಲಾಡಿಸಿದಳು. ಮಾಗುವುದು ಹಣ್ಣು, ಡಬ್ಬ ಹಳೆಯದಾಗುತ್ತದೆ ಅಷ್ಟೇ, ಇದ್ದದ್ದು ಇದ್ದ ಹಾಗೆ ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ ಎಂದಳು.

ಗೋಡೆಯ ಗಡಿಯಾರದಲ್ಲಿ ಎರಡೂಮುಕ್ಕಾಲು. ಮೇಜರು ಕಿಟಕಿಯ ಹತ್ತಿರ ಹೋಗಿ ನಿಂತು ಬೆನ್ನು ತೋರಿಸಿದರು.

"ನಿನ್ನ ಮಗು ಹೆಸರೇನು ಸಾರ್ಜೆಂಟ್?"

"ಎಲೂನಿ, ಮೇಜರ್ ಸಾಹೇಬ್ರೇ."

"ನೋಡಿದೀಯಾ?"

"ಫೋಟೋದಲ್ಲಿ."

ಮೇಜರು ಹಿಂದಿರುಗಿ ಬಂದು ಕೂತರು. ಕನ್ನಡಕ ಹಾಕಿಕೊಂಡು ಕಾಗದವನ್ನಲ್ಲ, ಅದಕ್ಕೆ ಜೋಡಿಸಿದ್ದ ಅಂಕಿಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು. ಅರ್ಧಕ್ಕೆ ಬಂದಾಗ ಅವರ ಕಿವಿ ಕೆಂಪಾಯಿತು. ಇನ್ನೂ ಕೆಳಗೆ ಬಂದಾಗ ಕುತ್ತಿಗೆಯೂ ಕೆಂಪಾಯಿತು. ನೆಲೆಯ ಹೀಟರ್ ಆ ಹೊತ್ತಿನಲ್ಲಿ ತಾನಾಗಿ ಆರಿತು, ಬೇಕಾಗಿರಲಿಲ್ಲ.

"ಇದು ತಪ್ಪು" ಎಂದರು.

"ಯಾವುದು ತಪ್ಪು?" ಎಂದಳು ಲಿಯೋನಿಲ್ದಾ.

"ಐದು ವರ್ಷ ನಾಲ್ಕು ತಿಂಗಳು ತಪ್ಪು. ಬಿಸ್ಕತ್ತು ಎಲ್ಲಿ? ಬಿಸ್ಕತ್ತೇ ಸೇರಿಸಿಲ್ಲ ನೀವು. ಬಿಸ್ಕತ್ತು ಒಂಬತ್ತು ವರ್ಷದ್ದು. ನಾನು ಲೆಫ್ಟಿನೆಂಟ್ ಆಗಿದ್ದಾಗಿಂದ ಇಲ್ಲಿ ಒಂಬತ್ತು ವರ್ಷದ ಬಿಸ್ಕತ್ತು ತಿಂತಾ ಇದೀನಿ. ಈ ಹಲ್ಲು ನೋಡಿ."

ಬಾಯಿ ತೆರೆದು ತೋರಿಸಿದರು. ಬಲಗಡೆ ಮೇಲಿನ ಸಾಲಿನಲ್ಲಿ ಒಂದು ದವಡೆಹಲ್ಲು ಇರಲಿಲ್ಲ. ಲಿಯೋನಿಲ್ದಾ ಬಗ್ಗಿ ನೋಡಿ, ಅದನ್ನೂ ಬರೆದುಕೊಂಡಳು. ಬಿಸ್ಕತ್ತಿನ ಪೆಟ್ಟಿಗೆ ತರಿಸಿದರು, ಇಸವಿ ನೋಡಿದರು, ಒಂಬತ್ತು ಸರಿಯಾಗಿತ್ತು. ಸರಾಸರಿ ಐದು ವರ್ಷ ಒಂಬತ್ತು ತಿಂಗಳಿಗೆ ಏರಿತು. ಮೇಜರು ಆ ಅಂಕಿಯನ್ನು ತಮ್ಮ ಕೈಯಿಂದಲೇ ತಿದ್ದಿ, ಕಾಗದ ಹರಿಯುವಷ್ಟು ಒತ್ತಿ ಸಹಿ ಮಾಡಿದರು. ಬಸಾವಿಲ್ಬಾಸೊ ವಂಶದಲ್ಲಿ ಒಂದು ಅಂಕಿಯನ್ನು ಹೊಡೆದು ಇನ್ನೊಂದನ್ನು ಬರೆದದ್ದು ಅದೇ ಮೊದಲು.

ಮೂರು ಗಂಟೆ ಹತ್ತು ನಿಮಿಷ. ಒಂಬತ್ತು ಡ್ರಮ್ಮುಗಳನ್ನು ಜನ ಓಡಿಸಿಕೊಂಡೇ ದಡಕ್ಕೆ ತಂದು ದೋಣಿಗೆ ಹಾಕಿದರು. ಎವಾರಿಸ್ತೊ ಚೀಲ ಹೆಗಲಿಗೇರಿಸಿದ. ಲಿಯೋನಿಲ್ದಾ ಕಡತದ ಕೊನೆಯ ಪುಟಕ್ಕೆ ಮುದ್ರೆ ಒತ್ತಲು ಕೈ ಎತ್ತಿದವಳು ಹಾಗೆಯೇ ನಿಂತಳು.

"ಸಾರ್ಜೆಂಟರೇ, ಸಿಕ್ಕಾಗ ತೂಕ ಎಂಟುನೂರೈವತ್ತು. ಹೋಗ್ತಿರೋ ಖಾಲಿ ಡಬ್ಬ ನೂರ ಹತ್ತು. ಮಿಕ್ಕ ಏಳುನೂರ ನಲವತ್ತು ಗ್ರಾಂ ಎಲ್ಲಿ?"

ಎಲ್ಲರೂ ನಾರ್ಸಿಸೊನ ಕಡೆ ನೋಡಿದರು. ನಾರ್ಸಿಸೊ ತನ್ನ ಹೊಟ್ಟೆಯ ಕಡೆ ನೋಡಿಕೊಂಡ.

ಸಿಕ್ಕಿದ ಕಸ ವಿಲೇವಾರಿಯಾಗುವ ತನಕ ಕಡತ ಮುಚ್ಚುವಂತಿಲ್ಲ. ನೆಲೆಯಲ್ಲಿ ಶೌಚದ ನೀರು ಶುದ್ಧಿ ಮಾಡುವ ಯಂತ್ರವಿದೆ, ಅದರೊಳಗೆ ಹೋದದ್ದು ವಿಲೇವಾರಿಯಾದಂತೆಯೇ, ಅದರಲ್ಲಿ ತಕರಾರಿಲ್ಲ. ತಕರಾರು ಯಾವಾಗ ಎಂಬುದರಲ್ಲಿತ್ತು. ಲಿಯೋನಿಲ್ದಾ ಬಹಳ ಮರ್ಯಾದೆಯಿಂದ ಅಡುಗೆಯವನನ್ನು ಅದೇ ಕೇಳಿದಳು.

"ಆರ್ಮಿ ಡಬ್ಬ ಡಾಕ್ಟರಮ್ಮಾ" ಅಂದ ನಾರ್ಸಿಸೊ. "ಮೂರು ದಿನಕ್ಕೆ ಮುಂಚೆ ಕದಲಲ್ಲ. ಇದು ಬೇರೆ ವಯಸ್ಸಾದದ್ದು."

ಹೊಟ್ಟೆಯೊಳಗೆ ಬಿಸಿ ಮಾಟೆ ಸುರಿದರು. ಒಣದ್ರಾಕ್ಷಿ ತಿನ್ನಿಸಿದರು. ಮೇಜರ ಆಜ್ಞೆಯ ಮೇಲೆ ಧ್ವಜದ ಕಂಬದ ಸುತ್ತ ಓಡಿಸಿದರು. ತೊಂಬತ್ತೆಂಟು ಕಿಲೋದ ಮನುಷ್ಯ ಹನ್ನೆರಡು ಸುತ್ತು ಓಡಿದ. ಅವನ ಹೆಜ್ಜೆಗೆ ಹಿಮನದಿಯ ತುದಿಯಿಂದ ಬಸ್ಸಿನಷ್ಟು ದೊಡ್ಡ ಗಡ್ಡೆಯೊಂದು ಮುರಿದು ನೀರಿಗೆ ಬಿತ್ತು. ಬೇರೆ ಏನೂ ಬೀಳಲಿಲ್ಲ. ಹಡಗು ಮೊದಲ ಸೀಟಿ ಊದಿತು. ನಾರ್ಸಿಸೊ ಕಂಬ ಹಿಡಿದು ಏದುಸಿರು ಬಿಡುತ್ತ, ನಾನು ಎಂಥ ಪಾಪಿ, ಗೆಳೆಯನ ದಾರಿಗೆ ನಾನೇ ಅಡ್ಡ ಕೂತೆ ಎಂದು ಅಳುಮುಖ ಮಾಡಿದ.

ಎವಾರಿಸ್ತೊ ದಡದ ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡ. ಹದಿನಾಲ್ಕು ತಿಂಗಳ ಎಲ್ಲ ಫಾರಂಗಳೂ ಅವನ ಕಣ್ಣೊಳಗೆ ಸಾಲಾಗಿ ಹಾದುಹೋದವು. ಒಂದರ ಮುಂದೆ ಅವನು ನಿಂತ. ಕಸವನ್ನು ಒಬ್ಬ ಅಧಿಕಾರಿಯಿಂದ ಇನ್ನೊಬ್ಬನಿಗೆ ಹಸ್ತಾಂತರಿಸುವ ಫಾರಂ ಅದು. ತೆಗೆದುಕೊಂಡವನು ಸಹಿ ಹಾಕಿದ ಕ್ಷಣದಿಂದ ಅದು ತೆಗೆದುಕೊಂಡವನ ಕಡತದ ಕಸ, ಕೊಟ್ಟವನ ಕಡತದಲ್ಲಿ ಸೊನ್ನೆ. ಕಸ ಯಾವ ಪಾತ್ರೆಯಲ್ಲಿರಬೇಕೆಂದು ಆ ಫಾರಂ 'ಗಟ್ಟಿಯಾದ, ಸೋರದ ಪಾತ್ರೆ' ಎಂದಷ್ಟೇ ಹೇಳುತ್ತಿತ್ತು.

ಅವನ ಜಾಗಕ್ಕೆ ಬಂದಿದ್ದ ಹೊಸ ಸಾರ್ಜೆಂಟ್ ಸಿಪ್ರಿಯಾನೊ ಬೆಳಿಗ್ಗೆಯಿಂದ ಬಾಯಿ ತೆರೆದುಕೊಂಡು ಎಲ್ಲವನ್ನೂ ನೋಡುತ್ತ ನಿಂತಿದ್ದ. ಅವನು ಹಿಮ ಕಂಡದ್ದೇ ಈ ಸಲ ಮೊದಲು. ಎವಾರಿಸ್ತೊ ಅವನ ಹತ್ತಿರ ಹೋಗಿ ಫಾರಂ ಬಿಡಿಸಿ, ತಾನೇ ತುಂಬಿದ. ವಸ್ತು: ಆಹಾರದ ಉಳಿಕೆ, ಏಳುನೂರ ನಲವತ್ತು ಗ್ರಾಂ. ಪಾತ್ರೆ: ಒಂದು, ಜೀವಂತ, ತೊಂಬತ್ತೆಂಟು ಕಿಲೋ, ತಾನಾಗಿ ಚಲಿಸುತ್ತದೆ. ಸೋರಿಕೆ: ಸದ್ಯಕ್ಕೆ ಇಲ್ಲ.

ಲಿಯೋನಿಲ್ದಾ ಫಾರಂ ಇಸಿದುಕೊಂಡು ಗಾಳಿಗೆ ಬೆನ್ನು ಕೊಟ್ಟು ಓದಿದಳು. ಒಂದು ಕಡೆ ಅಲ್ಪವಿರಾಮ ಹಾಕಿದಳು. ಆಮೇಲೆ ಸರಿಯಾಗಿದೆ ಎಂದಳು.

"ಇಲ್ಲಿ ಸಹಿ ಹಾಕಪ್ಪಾ" ಅಂದ ಎವಾರಿಸ್ತೊ.

"ಅಣ್ಣಾ, ಇದರಲ್ಲಿ ನಾನೇನು ಮಾಡಬೇಕು?"

"ಏನೂ ಮಾಡಬೇಡ. ಕಾಯ್ತಾ ಇರು. ಬೆಳಿಗ್ಗೆ ಸಂಜೆ ಪಾತ್ರೆ ಇದೆಯಾ ಅಂತ ನೋಡ್ಕೋ. ವಿಲೇವಾರಿಯಾದ ದಿನ ತಾರೀಕು ಹಾಕು."

ಸಿಪ್ರಿಯಾನೊ ಸಹಿ ಹಾಕಿದ. ಮುದ್ರೆ ಬಿತ್ತು. ಎರಡನೆಯ ಸೀಟಿಗೆ ಎವಾರಿಸ್ತೊ ದೋಣಿಯಲ್ಲಿದ್ದ. ದೋಣಿ ಹತ್ತು ಮಾರು ಹೋದ ಮೇಲೆ ತಿರುಗಿ ನೋಡಿದ. ದಡದಲ್ಲಿ ನಾರ್ಸಿಸೊ ಎರಡೂ ಕೈ ಎತ್ತಿ ಬೀಸುತ್ತಿದ್ದ. ಬೀಸುತ್ತ ಬೀಸುತ್ತ ದೋಣಿಯ ಜೊತೆಜೊತೆಗೆ ದಡದುದ್ದಕ್ಕೂ ನಡೆಯತೊಡಗಿದ. ಹೊಸ ಸಾರ್ಜೆಂಟ್ ರಿಜಿಸ್ಟರ್ ಎದೆಗವುಚಿಕೊಂಡು, ಐದು ಹೆಜ್ಜೆ ಅಂತರ ಬಿಟ್ಟು, ಅವನ ಹಿಂದೆಯೇ ನಡೆಯುತ್ತಿದ್ದ.